ಔಷಧಿ ಅಂಗಡಿಯ ಡೆಲ್ಫೀನಾ ಕಾಲೇಜು ಸೇರಿದ್ದು

ನಮ್ಮೂರಿನ ಔಷಧಿ ಅಂಗಡಿಯಲ್ಲಿ ಡೆಲ್ಫೀನಾ ಮಾತ್ರೆ ಎಣಿಸುತ್ತಿದ್ದಳು, ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಹನ್ನೊಂದು ವರ್ಷ ಹೀಗೇ ಅಕ್ಕಪಕ್ಕದಲ್ಲಿದ್ದವರು ನಾವು. ನಮ್ಮ ಯಾಕಿಮಾ ಕಣಿವೆಯ ಸೇಬಿನ ತೋಟಗಳಲ್ಲಿ ದುಡಿಯುವವರು ಒಳಗೆ ಬಂದ ಕೂಡಲೇ ಅವಳ ಮುಖ ಹುಡುಕುತ್ತಿದ್ದರು. ಅವಳ ಹತ್ತಿರ ಸ್ಪ್ಯಾನಿಷ್‌ನಲ್ಲಿ ನೋವು ಹೇಳಿಕೊಳ್ಳಬಹುದಿತ್ತು. ಸ್ಪ್ಯಾನಿಷ್ ನನಗೂ ಬರುತ್ತದೆ; ಆದರೆ ನನ್ನ ಮುಖ ಯಾರಿಗೂ ಬೇಕಿರಲಿಲ್ಲ, ಬಿಡಿ.

ಆದರೆ ಅವಳು ಬರೀ ಸಹಾಯಕಿ. ಶೀಶೆ ತುಂಬಿಸಬಹುದು, ಚೀಟಿ ಅಂಟಿಸಬಹುದು. ಯಾವ ಮಾತ್ರೆಯ ಜೊತೆ ಯಾವುದು ಬೇಡ ಎಂದು ಹೇಳುವಂತಿರಲಿಲ್ಲ. ಅದನ್ನು ಪದವಿ ಪಡೆದ ಫಾರ್ಮಸಿಸ್ಟೇ ಹೇಳಬೇಕು. ನಮ್ಮ ಫಾರ್ಮಸಿಸ್ಟ್ ಹಾಲ್ವರ್ಸನ್ ಒಳ್ಳೆಯ ಮುದುಕ. ಅವರ ಸ್ಪ್ಯಾನಿಷ್ ಮಾತ್ರ ನಮಸ್ಕಾರದಿಂದಾಚೆಗೆ ದಾಟಿರಲಿಲ್ಲ.

ಒಂದು ಫೆಬ್ರವರಿಯಲ್ಲಿ, ಗಿಡಗಳ ಕೊಂಬೆ ಸವರುವ ಕಾಲ, ದೊನ್ ಫಾಕುಂದೊ ಎಂಬ ಮುದುಕ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳಲು ಬಂದ. ಡೆಲ್ಫೀನಾ ಕೊಟ್ಟ ಶೀಶೆಯ ಪಕ್ಕದಲ್ಲಿ ಜೇಬಿನಿಂದ ಇನ್ನೊಂದು ಶೀಶೆ ತೆಗೆದಿಟ್ಟ.

"ಇದು ಪೇಟೆ ಆಸ್ಪತ್ರೇಲಿ ಕೊಟ್ಟಿದ್ದು. ಇನ್ಮೇಲೆ ಎರಡೂ ನುಂಗ್ತೀನಿ. ಬೇಗ ಇಳೀಲಿ ಹಾಳಾದ್ದು."

ಹೆಸರು ಬೇರೆ ಬೇರೆ, ಒಳಗಿದ್ದದ್ದು ಒಂದೇ ಮದ್ದು. ಡೆಲ್ಫೀನಾಗೆ ನೋಡಿದ ಕೂಡಲೇ ಗೊತ್ತಾಯಿತು. ಹಾಲ್ವರ್ಸನ್ ಒಳಗೆ ಯಾವುದೋ ಡಾಕ್ಟರರ ಜೊತೆ ಫೋನಿನಲ್ಲಿದ್ದರು.

"ತಾತಾ, ಐದೇ ನಿಮಿಷ ನಿಲ್ಲಿ. ಅವ್ರ ಹತ್ರ ಮಾತಾಡ್ಕೊಂಡು ಹೋಗಿ."

ಹೊರಗೆ ತೋಟದ ವ್ಯಾನು ಹಾರ್ನ್ ಹಾಕಿತು. "ವ್ಯಾನು ತಪ್ಪಿದ್ರೆ ನನ್ನ ನೀನು ಹೊತ್ಕೊಂಡು ಹೋಗ್ತೀಯಾ? ನಾಳೆ ಬರ್ತೀನಮ್ಮ" ಎನ್ನುತ್ತ ಹೊರಟೇಬಿಟ್ಟ.

ಹಿಂದಿನ ತಿಂಗಳಷ್ಟೇ ಗಿರಾಕಿಯೊಬ್ಬರಿಗೆ ಮದ್ದಿನ ಬಗ್ಗೆ ಇಂಥದ್ದೇ ಒಂದು ಮಾತು ಹೇಳಿದ್ದಕ್ಕೆ ಅವಳಿಗೆ ಎಚ್ಚರಿಕೆಯ ಪತ್ರ ಬಂದಿತ್ತು. ತೆರೆದ ಬಾಯಿ ತೆರೆದಂತೆಯೇ ನಿಂತಳು. ಹಾಲ್ವರ್ಸನ್ ಸಂಜೆಯವರೆಗೂ ಮುದುಕನಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಎರಡು ದಿನ ಕಳೆದು ದೊನ್ ಫಾಕುಂದೊ, ಎರಡೂ ಮಾತ್ರೆ ನುಂಗಿ ಒತ್ತಡ ತೀರಾ ಇಳಿದು, ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಂಡ.

ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಡೆಲ್ಫೀನಾ ಮಂಚದ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅವತ್ತು ನಿನ್ನ ನಾಲಿಗೆ ತುದೀಗೆ ಏನೋ ಬಂದಿತ್ತಲ್ಲ ಮಗಳೇ, ಯಾಕೆ ನುಂಗ್ಕೊಂಡೆ?" ಎಂದ ಮುದುಕ.

"ನಾನು ಹೇಳೋ ಹಾಗಿಲ್ಲ ತಾತಾ. ಅದಕ್ಕೆ ಓದಿರ್ಬೇಕು."

"ಹಾಗಾದ್ರೆ ಓದು. ನೀನು ಅತ್ರೆ ನನ್ನ ಸೊಂಟ ಕೂಡುತ್ತಾ?"

ಮೂವತ್ತಾರನೇ ವಯಸ್ಸಿನಲ್ಲಿ ಅವಳು ಕಮ್ಯೂನಿಟಿ ಕಾಲೇಜಿಗೆ ಸೇರಿದಳು. ಅಲ್ಲಿ ಬೇಕಾದ ವಿಜ್ಞಾನದ ತರಗತಿಗಳನ್ನೆಲ್ಲ ಮುಗಿಸಿದರೆ ಫಾರ್ಮಸಿ ಕಾಲೇಜಿಗೆ ವರ್ಗವಾಗಬಹುದು. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ಅಂಗಡಿ. ಗಂಡ ನಿಕಾನೋರ್ ಸೇಬಿನ ಶೈತ್ಯಾಗಾರದಲ್ಲಿ ಕೆಲಸಕ್ಕಿದ್ದ. ಅವನು ತೋರ್ತಿಯಾ ರೊಟ್ಟಿ ಸುಡುವುದನ್ನು ಕಲಿತ. ಮೊದಲ ವರ್ಷವಂತೂ ಅಕ್ಷರಶಃ ಸುಟ್ಟ. ಮಗಳು ಇಟ್ಸೆಲ್ ಕಪ್ಪಗಾದ ಅಂಚನ್ನು ಮುರಿದು ತಟ್ಟೆಯ ಪಕ್ಕಕ್ಕಿಟ್ಟು, ಮಿಕ್ಕಿದ್ದನ್ನು ತಿನ್ನುತ್ತಿದ್ದಳು.

ಎರಡನೇ ವರ್ಷ ಸಾವಯವ ರಸಾಯನಶಾಸ್ತ್ರದಲ್ಲಿ ಡೆಲ್ಫೀನಾ ಫೇಲಾದಳು. ಪುಸ್ತಕ ವಾಪಸ್ ಕೊಟ್ಟುಬಿಡುತ್ತೇನೆಂದು ಹೋದವಳನ್ನು ಟೀಚರ್ ತ್ರಿನ್ ಎದುರಿಗೆ ಕೂರಿಸಿಕೊಂಡರಂತೆ.

"ನಾನೂ ಇದನ್ನ ಎರಡು ಸಲ ಓದಿದೋಳೇ. ಮೊದಲ್ನೇ ಸಲ ಅಣುಗಳು ಅಪರಿಚಿತರ ಥರ ಮುಖ ತಿರುಗಿಸ್ತವೆ. ಎರಡನೇ ಸಲ ಗುರುತು ಹಿಡೀತವೆ, ನೋಡ್ತಿರಿ."

ಎರಡನೇ ಸಲ ತರಗತಿಯಲ್ಲೇ ಮೂರನೆಯವಳಾಗಿ ಪಾಸಾದಳು.

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಫಾರ್ಮಸಿ ಕಾಲೇಜಿನಿಂದ ಪತ್ರ ಬಂತು. ಅವಳು ಹತ್ತೊಂಬತ್ತನೇ ವಯಸ್ಸಿನಲ್ಲಿ, ಅರ್ಧಕ್ಕೇ ಬಿಟ್ಟ ಕಾಲೇಜಿನಲ್ಲಿ, ಓದಿದ್ದ ಸೂಕ್ಷ್ಮಜೀವಿಶಾಸ್ತ್ರ ತೀರಾ ಹಳೆಯದು, ಲೆಕ್ಕಕ್ಕಿಲ್ಲ, ಮತ್ತೆ ಓದಬೇಕು. ಆ ಚಳಿಗಾಲದಲ್ಲಿ ಆ ತರಗತಿ ಇದ್ದದ್ದು ಗುಡ್ಡದಾಚೆಯ ಊರಿನಲ್ಲಿ ಮಾತ್ರ. ದಾರಿಯುದ್ದಕ್ಕೂ ಹಿಮ, ಅವಳಿಗೋ ಹಿಮದಲ್ಲಿ ಗಾಡಿ ಓಡಿಸುವುದೆಂದರೆ ಜೀವ ಹೋಗುತ್ತದೆ.

"ಇಲ್ಲಿಗೇ ಸಾಕು ಕಣೋ" ಎಂದಳು ಗಂಡನಿಗೆ.

ನಿಕಾನೋರ್ ಜಗಳವಾಡಲಿಲ್ಲ. ಮಾರನೇ ದಿನ ತನ್ನ ಪಾಳಿ ಬದಲಾಯಿಸಿಕೊಂಡು ಬಂದ. ವಾರಕ್ಕೆರಡು ದಿನ ತಾನೇ ಗಾಡಿ ಓಡಿಸಿದ; ಅವಳು ಒಳಗೆ ಪಾಠ ಕೇಳುವಷ್ಟು ಹೊತ್ತೂ ಕಂಬಳಿ ಹೊದ್ದು ಗಾಡಿಯಲ್ಲೇ ಕೂತ. ಒಮ್ಮೆ ಅವಳು ಹೊರಗೆ ಬಂದಾಗ ಅವನು ಅವಳ ಟಿಪ್ಪಣಿಗಳನ್ನು ಹಿಡಿದು ಕ್ರಿಮಿಗಳ ಹೆಸರುಗಳನ್ನು ರಾಗವಾಗಿ ಓದುತ್ತಿದ್ದ.

"ನಿನ್ನ ತವರಿನವ್ರ ಹೆಸರಿಗಿಂತ ಉದ್ದ ಇದಾವಲ್ಲೇ ಇವು!"

"ಅವ್ರಷ್ಟು ಕಾಟ ಕೊಡಲ್ಲ ಬಿಡು" ಎಂದಳು. ಇದನ್ನು ನನಗೆ ಹೇಳುವಾಗ ಅವಳು ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಮಾರ್ಚ್‌ನಲ್ಲಿ ಸಂದರ್ಶನ. ಮೂವರು ಎದುರಿಗೆ ಕೂತು ಫಾರ್ಮಸಿಸ್ಟ್ ಯಾಕಾಗಬೇಕು ಎಂದು ಕೇಳಿದರು. ಕನ್ನಡಿಯ ಮುಂದೆ ಉರು ಹೊಡೆದಿದ್ದ ಉತ್ತರ ಒಂದೂ ನೆನಪಿಗೆ ಬರಲಿಲ್ಲ. ದೊನ್ ಫಾಕುಂದೊನ ಎರಡು ಶೀಶೆಗಳ ವಿಷಯವನ್ನೇ ಹೇಳಿದಳು. "ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ನಿಂತಿದ್ದೆ. ಇನ್ನೊಂದ್ಸಲ ಹಾಗೆ ನಿಲ್ಲೋಕೆ ನನ್ನ ಕೈಲಾಗಲ್ಲ."

ಅವರಲ್ಲಿದ್ದ ವಯಸ್ಸಾದ ಹೆಂಗಸು ಕೇಳಿದ್ದು ಒಂದೇ: "ಈಗ ಹೇಗಿದ್ದಾರೆ ಅವ್ರು?"

"ನಡೀತಾರೆ. ಕೋಲು ಹಿಡ್ಕೊಂಡು. ಏಣಿ ಹತ್ತೋದು ಬಿಟ್ರು."

ಏಪ್ರಿಲ್‌ನ ಒಂದು ಮಧ್ಯಾಹ್ನ ಅವಳು ಫೋನನ್ನು ನನ್ನ ಕೈಗಿಟ್ಟು, "ನೀನೇ ಓದೇ, ನನಗೆ ಅಕ್ಷರ ಕಾಣ್ತಿಲ್ಲ" ಎಂದಳು. ಸೀಟು ಸಿಕ್ಕಿತ್ತು. ನಾನು ಕಿರುಚಿದ ಸದ್ದಿಗೆ ಹಾಲ್ವರ್ಸನ್ ಯಾರೋ ಬಿದ್ದರೆಂದು ಓಡಿ ಬಂದರು. ವಿಷಯ ತಿಳಿದು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಬಾಗಿಲಿಗೆ 'ಮುಚ್ಚಿದೆ' ಹಲಗೆ ತಗುಲಿಸಿ ಎದುರಿನ ಬೇಕರಿಗೆ ನಡೆದರು. ನಡುಹಗಲಲ್ಲಿ ಅವರು ಅಂಗಡಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗಸ್ಟ್‌ನಲ್ಲಿ ಮೂವರೂ ಕಾಲೇಜಿರುವ ಊರಿನಲ್ಲಿ ಮನೆ ಮಾಡಿದರು. ನಿಕಾನೋರ್‌ಗೆ ಅಲ್ಲಿನ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಡೆಲ್ಫೀನಾ ಈಗ ಎರಡನೇ ವರ್ಷದಲ್ಲಿದ್ದಾಳೆ, ತರಗತಿಗೆಲ್ಲ ಹಿರಿಯಳು. ಹುಡುಗ ಹುಡುಗಿಯರು ನೆಗಡಿ ಬಂದರೂ ಮನಸ್ಸು ಮುರಿದರೂ ಅವಳ ಹತ್ತಿರವೇ ಬರುತ್ತಾರಂತೆ. ಮೊನ್ನೆ ಭಾನುವಾರ ಫೋನ್ ಮಾಡಿದಾಗ ಇಟ್ಸೆಲ್ ಎತ್ತಿ ಪಿಸುಗುಟ್ಟಿದಳು:

"ಅತ್ತೆ, ಆಮೇಲೆ ಮಾಡ್ತೀರಾ? ಅಮ್ಮಂಗೆ ನಾಳೆ ಪರೀಕ್ಷೆ. ನಾನು ಪ್ರಶ್ನೆ ಕೇಳ್ತಿದೀನಿ."