ಗಾಜಿನ ಖೋಲಿಗೆ ಕಂಬಳಿ

ಗಾಜಿನ ಖೋಲಿಯೊಳಗೆ ಹಾಡುಹಗಲಲ್ಲಿ ಕಂದೀಲು ಹಚ್ಚಿಕೊಂಡು ಕೂತವರನ್ನು ನೀವು ನೋಡಿದ್ದೀರಾ? ನಾನು ಹೋದ ವಾರ ಕಲ್ಯಾಣದಲ್ಲಿ ನೋಡಿ ಬಂದೆ.

ಕೂತವರು ನನ್ನ ಗೆಳೆಯ ರಹಮತ್ ಸಾಹೇಬರ ತಾಯಿ. ಓಣಿಯೆಲ್ಲ ಅವರನ್ನು ಖಾಲಾ ಅನ್ನುತ್ತದೆ, ನಾನೂ ಅನ್ನುತ್ತೇನೆ. ಚಳಿ ಬಿತ್ತೆಂದರೆ ಅವರ ಮೊಣಕಾಲು ಮಡಚುವುದಿಲ್ಲ, ನಮಾಜಿಗೆ ಬಗ್ಗಲಾಗುವುದಿಲ್ಲ. "ಬಿಸಿಲಿಗೆ ಕೂಡಸ್ರಿ, ಬ್ಯಾರೆ ದವಾ ಇಲ್ಲ" ಎಂದರು ಹಕೀಮರು. ಅಂಗಳದಲ್ಲಿ ಬಿಸಿಲೇನೋ ಉಂಟು, ಎಲುಬಿಗಿಳಿಯುವ ಥಂಡಿ ಗಾಳಿಯೂ ಉಂಟು. ಮಗ ಗಾಜಿನ ಖೋಲಿ ಕಟ್ಟಿಸಲು ಹೊರಟರು.

ಸಲಹೆ ನನ್ನದು. (ಹುಮನಾಬಾದಿನಲ್ಲಿ ಕೂತು ಸುತ್ತಲಿನವರಿಗೆಲ್ಲ ಸಲಹೆ ಕೊಡುವುದೇ ನನ್ನ ಕಸುಬು.) ಹೈದರಾಬಾದಿನ ಬಂಗಲೆಗಳಲ್ಲಿ ನಾನು ಎಲ್ಲ ನಮೂನೆಯನ್ನೂ ನೋಡಿದ್ದೇನೆ. ಪಡಸಾಲೆಯ ಕಂಬಗಳ ನಡುವೆ ಗಾಜಿನ ಬಾಗಿಲು ಕೂಡಿಸುವುದೊಂದು ಸ್ಟೈಲ್. ಖರ್ಚು ಕಡಿಮೆ, ಬಿಸಿಲೂ ಕಡಿಮೆ. ನೆತ್ತಿಗೇ ಗಾಜು ಹಾಕಿಸಿದರೆ ಮಧ್ಯಾಹ್ನಕ್ಕೆ ಒಳಗಿದ್ದವರು ಬೆಂದು ಹೋಗುತ್ತಾರೆ. ಮೇಲೆ ಮಂಗ ಹಾರಿತೋ, ಗಾಜೂ ಹೋಯಿತು. ಮನೆಯ ಗೋಡೆಗೆ ಒತ್ತಿ, ಮೂರು ಕಡೆ ಗಾಜು, ಮೇಲೆ ಮಣ್ಣಿನ ಮಾಳಿಗೆ, ಮುಖ ಮೂಡಣಕ್ಕೆ: ಇದೇ ಸೈ. ಹಾಗೇ ಕಟ್ಟಿದರು. ಚಂದವೂ ಆಗಿತ್ತು.

ಮತ್ತೆ ಕಂದೀಲು ಯಾಕೆ? ಮೂರೂ ಕಡೆ ಖಾಲಾ ಕಂಬಳಿ ಇಳಿಬಿಟ್ಟಿದ್ದರು.

"ಇದೇನ್ರಿ ಖಾಲಾ?"

"ಎದುರಿಗೇ ಚನ್ನಬಸಪ್ಪನ ಮಾಳಿಗಿ ಅದಪ್ಪ. ಗಂಡಸರು ಹತ್ತತಾರ. ಗೋಶಾದಾಕಿ ನಾ, ಪರಗಂಡಸರ ಕಣ್ಣಿಗೆ ಬೀಳಾಂಗಿಲ್ಲ, ಅಂಗಡಿ ಸಾಮಾನಿನಂಗ ಗಾಜಿನೊಳಗ ಕೂಡಲೇನು?"

"ಮೊದಲ ಅಂಗಳದಾಗ ಹ್ಯಾಂಗ ಕೂಡತಿದ್ರಿ?"

"ಮೊದಲ ಕೂಗಿ ಹತ್ತತಿದ್ರು."

ನಮ್ಮ ಕಡೆಯ ರಿವಾಜು ಇದು. ಮಾಳಿಗೆ ಹತ್ತುವ ಗಂಡಸು ನಿಚ್ಚಣಿಕೆಯ ಬುಡದಲ್ಲಿ ನಿಂತು ಜೋರಾಗಿ ಕೂಗಬೇಕು. ಸುತ್ತಲ ಮನೆಗಳ ಹೆಂಗಸರು ಒಳಗೆ ಸರಿಯುತ್ತಾರೆ. ಆತ ಇಳಿದೆನೆಂದು ಕೂಗಿದ ಮೇಲೆ ಮತ್ತೆ ಅಂಗಳ ಅವರದು. ಹೋದ ವರ್ಷದ ಹಿಂದೂ-ಮುಸಲ್ಮಾನರ ಗದ್ದಲದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಬದುಕಿದೆವಲ್ಲ, ಆಗ ನಿಂತ ಕೂಗು ಮತ್ತೆ ಶುರುವಾಗಲೇ ಇಲ್ಲ.

ನೆಟ್ಟಗೆ ಚನ್ನಬಸಪ್ಪನ ಕಿರಾಣಿ ಅಂಗಡಿಗೆ ಹೋದೆ. ಬೆಲ್ಲ ತೂಗುತ್ತಿದ್ದ.

"ಯಾಕಪಾ, ಮಾಳಿಗಿ ಹತ್ತುವಾಗ ಕೂಗೂದು ಬಿಟ್ಟಿ?"

"ಕೂಗಿದ್ರ ಅಂಜತಾರೇನೋ ಅಂತ ಸುಮ್ಮನ ಹತ್ತಾಕತ್ತೇನ್ರಿ."

"ನೀ ಸುಮ್ಮನ ಹತ್ತತಿ ಅಂತನ ಖಾಲಾ ಕತ್ತಲಾಗ ಕೂತಾರ."

ಅವನ ತಕ್ಕಡಿ ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಓಣಿಗೆಲ್ಲ ಕೇಳುವ ಹಾಗೆ ದನಿ ಬಂತು: "ಖಾಲಾ, ಮಾಳಿಗಿ ಹತ್ತಾಕತ್ತೇನ್ರಿ. ಕಡ್ಲಿ ಹರವೂದದ."

ಖಾಲಾ ಒಳಗಿನಿಂದಲೇ, "ಹತ್ತು ಬೇಟಾ. ಲಗೂನ ಇಳಿ, ನನ್ನ ಬಿಸಲ ಹೊಂಟದ" ಎಂದರು. ಆತ ಇಳಿದೆನೆಂದು ಕೂಗಿದ್ದೇ ತಡ, ಮೂರೂ ಕಂಬಳಿ ಸುತ್ತಿಸಿ ಗಾಜಿನ ಬುಡಕ್ಕೆ ಕಾಲು ಚಾಚಿದರು.

ನೀವೂ ಗಾಜಿನ ಖೋಲಿ ಕಟ್ಟಿಸುತ್ತೀರಾ? ಅವಶ್ಯ ಕಟ್ಟಿಸಿ. ಆದರೆ ನಿಮ್ಮ ನೆರೆಯವನು ಕೂಗಿ ಹತ್ತುತ್ತಾನೋ, ಸುಮ್ಮನೆ ಹತ್ತುತ್ತಾನೋ?