ಹಳದಿ ಗರಗದ ಕಾಡಿಗೆ

ಸನತ್‌ನಗರದ ನಮ್ಮ ಕ್ವಾರ್ಟರ್ಸಿನ ಹಿಂದೆ, ನಳದ ನೀರು ಹರಿದು ಹಸಿಯಾಗಿರುತ್ತಿದ್ದ ಜಾಗದಲ್ಲಿ, ಯಾರೂ ನೆಡದ ಹಳದಿ ಗರಗ ಹಬ್ಬಿಕೊಂಡಿತ್ತು. ಸೂರ್ಯಕಾಂತಿಯದೇ ಬಳಗ, ಆದರೆ ಹೂವು ಅಂಗಿಯ ಗುಂಡಿಯಷ್ಟು. ಬೇಸಿಗೆಯಲ್ಲಿ ನಳ ನಿಂತು ಒಣಗಿಹೋಯಿತು ಅಂದುಕೊಂಡರೆ ಮೊದಲ ಮಳೆಗೆ ಅದೇ ಬೇರಿನಿಂದ ಮತ್ತೆ ಚಿಗುರುತ್ತಿತ್ತು. ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದ ಅಪ್ಪ ಅದನ್ನು ಕಸ ಎನ್ನುತ್ತಿದ್ದರು. ಬೀದರ್ ಕಡೆಯ ನಮ್ಮವ್ವನಿಗೆ ಅದು ಮನೆಯ ಆಸ್ತಿ. ಅಪ್ಪ ಕೀಳಲು ಹೋದ ದಿನ ಅವರಿಗೆ ಸಂಜೆಯ ಚಹಾ ಸಿಗುತ್ತಿರಲಿಲ್ಲ.

ನಾನು ಚೊಚ್ಚಲ ಬಾಣಂತನಕ್ಕೆ ಬಂದಾಗ ಆ ಗಿಡಕ್ಕೆ ಶುಕ್ರದೆಸೆ ಬಂತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಕಣ್ಣಿಗೆ ಗರಗದ ಕಾಡಿಗೆಯನ್ನೇ ಹಚ್ಚಬೇಕೆಂದು ಅವ್ವನ ಹಟ. ಎಲೆ ಅರೆದು, ರಸ ಹಿಂಡಿ, ಬಿಳಿ ಬಟ್ಟೆ ಅದ್ದಿ ನೆರಳಲ್ಲಿ ಒಣಗಿಸಿ, ಮತ್ತೆ ಅದ್ದಿ, ಮತ್ತೆ ಒಣಗಿಸಿ, ಮೂರು ದಿನ ಮನೆಯೆಲ್ಲ ಹಸಿರು ವಾಸನೆ. ಆಮೇಲೆ ಅದೇ ಬಟ್ಟೆಯ ಬತ್ತಿ, ಹರಳೆಣ್ಣೆಯ ದೀಪ, ಮಸಿ ಹಿಡಿಯಲು ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ. ತಟ್ಟೆ ಅಲುಗಾಡದಂತೆ ಅಪ್ಪ ತಂತಿ ಬಗ್ಗಿಸಿ ಮೂರು ಕಾಲಿನ ಸ್ಟ್ಯಾಂಡ್ ಮಾಡಿಕೊಟ್ಟರು.

"ಕಸಕ್ಕ ಇಷ್ಟ್ಯಾಕ ಮರ್ಯಾದಿ ರೀ ಈಗ?" ಎಂದು ಅವ್ವ ಕಿಚಾಯಿಸಿದಳು.

ಎಲ್ಲರೂ ನಕ್ಕರು. ನಾನು ಮಾತ್ರ ಕೂಸಿನ ದುಪ್ಪಟಿ ಸರಿಮಾಡುತ್ತ ಕುಳಿತೆ. ಮಗುವಿನ ಕಣ್ಣಿಗೆ ಏನೂ ಹಚ್ಚಕೂಡದೆಂದು ಆಸ್ಪತ್ರೆಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಊರಿಗೆಲ್ಲ ಜಬರದಸ್ತು ಮಾಡುವ ನನಗೆ, ಅವ್ವನ ಆ ಸಂಭ್ರಮದ ಮುಂದೆ ನಾಲಿಗೆ ಏಳಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಲೇ ತೊಟ್ಟಿಲ ದಿನ ಬಂದುಬಿಟ್ಟಿತು.

ಓಣಿಯ ಹೆಂಗಸರೆಲ್ಲ ಸೇರಿ ಜೋಗುಳ ಹಾಡುತ್ತಿದ್ದರು. ಬೆಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಬೆರಳಿಗೆ ತೆಗೆದುಕೊಂಡು ಅವ್ವ ಕೂಸಿನ ಕಡೆ ಬಾಗಿದಳು. ನಾನು ಅವಳ ಕೈ ಹಿಡಿದೆ.

"ಅವ್ವಾ, ಕಣ್ಣಿಗೆ ಬ್ಯಾಡ. ಡಾಕ್ಟರ್ ಬ್ಯಾಡಂದಾರ."

ಹಾಡು ನಿಂತಿತು.

"ಮೊದಲ ಹೇಳಾಕ ಏನಾಗಿತ್ತ ನಿನಗ?"

"ನಿನಗ ಭಾಳ ಬ್ಯಾಸರ ಆಗ್ತದಂತ..." ಎನ್ನುತ್ತಾ ನಾನೇ ಅಳತೊಡಗಿದೆ. ನಾಚಿಕೆಯೂ ಆಗಿತ್ತು.

ಅವ್ವ ಬೆರಳನ್ನು ಕೂಸಿನ ಕಣ್ಣಿನಿಂದ ದೂರ ಸರಿಸಿದಳು. ಕೂಸಿನ ಅಂಗಾಲಿಗೆ ಒಂದು ಬೊಟ್ಟಿಟ್ಟಳು. ಆಮೇಲೆ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಅದೇ ಬೆರಳನ್ನು ನನ್ನ ಕಣ್ಣಿಗೆ ತಂದಳು.

"ಅಳಬ್ಯಾಡ, ಹರಡತೈತಿ. ನನ್ನ ಕೂಸಿನ ಕಣ್ಣಿಗೆ ಹಚ್ಚಬ್ಯಾಡ ಅನ್ನಾಕ ಯಾವ ಡಾಕ್ಟರ್ ಬರ್ತಾಳ, ನೋಡೇಬಿಡ್ತೀನಿ."