ಅರಳಿ ಮರಕ್ಕೆ ಸೇರಿಸಿದ ಕೊಂಬೆ

ರಾಜಮನೆತನಗಳ ಹಳೆಯ ವಂಶಾವಳಿ ಪುಸ್ತಕಗಳನ್ನು ಕೂಡಿಡುತ್ತೇನೆ ಎಂದರೆ ಜನ ನನಗೆ ಇತಿಹಾಸದ ಹುಚ್ಚು ಎಂದುಕೊಳ್ಳುತ್ತಾರೆ. ನಿಜವಾಗಿ ನನ್ನನ್ನು ಸೆಳೆದದ್ದು ರಾಜರಲ್ಲ, ಮರಗಳು. ವಿಜಯನಗರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದ, ಹಳೆಯ ಕಲ್ಲಚ್ಚಿನ ಪುಸ್ತಕವೊಂದು ಕೈಗೆ ಸಿಕ್ಕಿತು. ಒಳಗೆ ಮಡಚಿಟ್ಟಿದ್ದ ದೊಡ್ಡ ಹಾಳೆಯನ್ನು ಬಿಡಿಸಿದರೆ ಒಂದು ಆಲದ ಮರ. ಬುಡದಲ್ಲಿ ಕತ್ತಿ ಹಿಡಿದ ಮೂಲಪುರುಷ, ಕೊಂಬೆಗಳಲ್ಲಿ ಮಕ್ಕಳು ಮೊಮ್ಮಕ್ಕಳು, ಸಂತಾನವಿಲ್ಲದೆ ಹೋದವರ ಹೆಸರಿಗೆ ಒಣಗಿದ ಎಲೆ. ಬಿಳಲುಗಳನ್ನೂ ಬಿಡದೆ ಬರೆದಿದ್ದ ಆ ಕಲಾವಿದನ ಮೇಲೆ ನನಗೆ ಗೌರವ ಹುಟ್ಟಿತು. ಅಂದಿನಿಂದ ಅಂಥ ಮರಗಳಿರುವ ಪುಸ್ತಕ ಎಲ್ಲಿದ್ದರೂ ಹುಡುಕಿಕೊಂಡು ಹೋಗುವುದು ಅಭ್ಯಾಸವಾಯಿತು. ಈಗ ನಿವೃತ್ತಳಾಗಿದ್ದೇನೆ. ಬಸವೇಶ್ವರನಗರದ ನಮ್ಮ ಮನೆಯ ಒಂದು ಕೋಣೆಯ ಬೀರುಗಳಲ್ಲಿ ಬಟ್ಟೆಗೆ ಜಾಗವಿಲ್ಲ.

ಈ ಹವ್ಯಾಸ ಮೊದಲು ಕಲಿಸುವುದೇ ಅನುಮಾನವನ್ನು. ಚಿತ್ರ ಕಿತ್ತುಕೊಂಡು ಪುಸ್ತಕ ಮಾರುವವರಿದ್ದಾರೆ. ಹೊಸ ಕಾಗದವನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದು ಮಾಡುವವರಿದ್ದಾರೆ. ಆದರೆ ನಾಯಂಡಹಳ್ಳಿಯ ನನ್ನ ವ್ಯಾಪಾರಿಯ ಮೇಲೆ ಮಾತ್ರ ನನಗೆ ಆ ಅನುಮಾನ ಇರಲಿಲ್ಲ. ಗ್ಯಾರೇಜುಗಳ ಹಿಂದಿನ ಒಂದು ಗೋಡೌನಿನಲ್ಲಿ ಅವರು ಹಳೆಯ ಕಾಗದ, ಮರದ ಸಾಮಾನು, ಪುಸ್ತಕ ಎಲ್ಲ ತುಂಬಿಕೊಂಡಿದ್ದರು. ನನಗಿಂತ ಸ್ವಲ್ಪ ಹಿರಿಯರು. ಹಾಳೆ ಹರಿದಿದ್ದರೆ ನಾನು ಕೇಳುವ ಮೊದಲೇ ಹೇಳುತ್ತಿದ್ದರು. ಚೌಕಾಸಿ ಮಾತ್ರ ಗಂಟೆಗಟ್ಟಲೆ.

ಕಳೆದ ವರ್ಷ ಅವರೇ ಫೋನ್ ಮಾಡಿದರು. "ಮೇಡಂ, ನಿಮಗೆ ಅಂತಲೇ ಒಂದು ಬಂದಿದೆ. ಬೇಗ ಬನ್ನಿ."

ಹೋದೆ. ಕೆಂಗೇರಿ ಕಡೆಯ ಒಂದು ಸಣ್ಣ ಪಾಳೇಗಾರ ಮನೆತನದ ವಂಶಾವಳಿ. ಕೈಯಲ್ಲಿ ಬಣ್ಣ ಹಾಕಿದ ಕಲ್ಲಚ್ಚಿನ ಚಿತ್ರಗಳು, ಕುದುರೆಯೇರಿದ ದೊರೆಗಳು, ನಡುವೆ ಮಡಚಿದ ಹಾಳೆಯಲ್ಲಿ ಪೂರ್ತಿ ಅರಳಿ ಮರ. ಇಂಥದ್ದೊಂದು ಇದೆ ಎಂದು ಕೇಳಿದ್ದೆ, ಕಂಡವರು ಯಾರೂ ಇರಲಿಲ್ಲ. ಹಾಳೆಯನ್ನು ಮೊದಲಿನಂತೆ ಮಡಚಿಟ್ಟು ಬೆಲೆ ಕೇಳಿದೆ. ಅವರು ಹೇಳಿದ ಬೆಲೆ ಎಷ್ಟು ಕಡಿಮೆ ಎಂದರೆ ಚೌಕಾಸಿ ಮಾಡಲು ನನಗೇ ನಾಚಿಕೆಯಾಯಿತು.

"ಯಾಕೆ ಇಷ್ಟು ಕಮ್ಮಿ?"

"ನಿಮ್ಮ ಹತ್ರ ಇದ್ರೆ ಒಂದು ಗೌರವ ಮೇಡಂ. ನೀವು ಎಲ್ಲಾ ಪುಸ್ತಕಕ್ಕೂ ನಿಮ್ಮ ಮೊಹರು ಹಾಕ್ತೀರಲ್ವಾ? ಇದಕ್ಕೂ ಹಾಕಿಬಿಡಿ."

ಅವರು ಹಿಂದೆಂದೂ ನನ್ನ ಹೆಸರಿನ ಆ ಮೊಹರಿನ ಮಾತೆತ್ತಿರಲಿಲ್ಲ. ಮೆಟ್ರೋದಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಮಾತು ಎರಡು ಸಲ ನೆನಪಾಯಿತು. ಸಂತೋಷ ದೊಡ್ಡದಿತ್ತು, ತಳ್ಳಿಹಾಕಿದೆ.

ಮೊಹರು ಮಾತ್ರ ಆ ದಿನ ಹಾಕಲಿಲ್ಲ. ಮಾರನೆಯ ಬೆಳಿಗ್ಗೆ ಬಿಸಿಲು ಬೀಳುವ ಊಟದ ಮೇಜಿನ ಮೇಲೆ ಹಾಳೆ ಬಿಡಿಸಿ, ಭೂತಗನ್ನಡಿ ಹಿಡಿದು ಬುಡದಿಂದ ಮೇಲಕ್ಕೆ ನೋಡುತ್ತ ಹೋದೆ. ಚಿತ್ರಗಾರ ಅರಳಿ ಮರವನ್ನು ಕಣ್ಣಾರೆ ಕಂಡು ಬರೆದಿದ್ದ. ಪ್ರತಿ ಎಲೆಗೂ ಬಾಲದಂತೆ ಉದ್ದಕ್ಕೆ ಇಳಿದ ತುದಿ, ನಡುವಿನ ದಿಂಡಿನಿಂದ ಎರಡೂ ಕಡೆಗೆ ಒಡೆದ ನರಗಳು. ಬಲಗಡೆಯ ಒಂದು ಕೊಂಬೆಗೆ ಬಂದಾಗ ಕನ್ನಡಿ ನಿಂತುಬಿಟ್ಟಿತು. ಅಲ್ಲಿನ ಎಲೆಗಳ ತುದಿ ಮೊಟಕು. ನರಗಳೆಲ್ಲ ತೊಟ್ಟಿನ ಹತ್ತಿರವೇ ಹುಟ್ಟಿ, ಬಾಗಿ ಮೇಲಕ್ಕೆ ಹೋಗಿದ್ದವು. ಅದು ಅರಳಿ ಎಲೆಯಲ್ಲ, ವೀಳ್ಯದೆಲೆ.

ಹಾಳೆಯನ್ನು ಮಗುಚಿದೆ. ತಾಮ್ರ ಬೆರೆತ ಹಳೆಯ ಹಸಿರು ಬಣ್ಣ ವರ್ಷಗಳು ಕಳೆದಂತೆ ಕಾಗದವನ್ನು ಮೆಲ್ಲಗೆ ಸುಡುತ್ತದೆ. ಹಿಂಬದಿಯಲ್ಲಿ ಪ್ರತಿ ಎಲೆಯ ಕಂದು ನೆರಳು ಮೂಡಿತ್ತು. ಆ ಒಂದು ಕೊಂಬೆಯ ಹಿಂದೆ ಮಾತ್ರ ಕಾಗದ ಸ್ವಚ್ಛವಾಗಿತ್ತು. ಅಲ್ಲಿನ ಬಣ್ಣ ಈಚಿನದು.

ನನ್ನ ಯಜಮಾನರು ತಿಂಡಿ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದರು. "ಬೆಲೆ ಏರಿಸಕ್ಕೆ ಮಾಡಿರ್ತಾರೆ ಕಣೇ."

"ಏರಿಸಿಲ್ಲವಲ್ಲ. ಇಳಿಸಿದಾರೆ."

ನನಗೆ ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಸುಳ್ಳು ಕೊಂಬೆ ಬರೆಯಲು ಯಾರೋ ಕಷ್ಟಪಟ್ಟಿದ್ದಾರೆ. ಆಮೇಲೆ ಅದನ್ನು ನನಗೆ ಹೆಚ್ಚು ಕಡಿಮೆ ದಾನ ಕೊಟ್ಟಿದ್ದಾರೆ. ಯಾಕೆ?

ಕಾರಣ ತಾನಾಗಿಯೇ ಬಾಗಿಲಿಗೆ ಬಂತು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಐವತ್ತರ ಆಸುಪಾಸಿನ ಮನುಷ್ಯರೊಬ್ಬರು ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. ಕೆಂಗೇರಿ ಹತ್ತಿರದ ಹಳ್ಳಿಯವರು. ಈಗ ಹಳ್ಳಿ ಲೇಔಟಾಗಿದೆ, ಅವರ ಕೈಯಲ್ಲಿ ಬಾಡಿಗೆ ಕಟ್ಟಡಗಳಿವೆ. ಕಾಫಿ ಕೊಟ್ಟೆ. ಲೋಟ ಕೆಳಗಿಡುತ್ತಲೇ ಕೇಳಿದರು, "ನಮ್ಮ ಹಿರಿಯರ ಪುಸ್ತಕ ನಿಮ್ಮ ಹತ್ರ ಇದೆಯಂತೆ ಮೇಡಂ. ಒಂದ್ಸಲ ನೋಡಬಹುದಾ?"

ಆ ಪುಸ್ತಕದ ವಿಷಯವನ್ನು ನಾನು ಹೊರಗಿನ ಯಾರಿಗೂ ಹೇಳಿರಲಿಲ್ಲ.

ತೋರಿಸಿದೆ. ಅವರು ಬುಡವನ್ನು ನೋಡಲಿಲ್ಲ, ಕುದುರೆಗಳನ್ನು ನೋಡಲಿಲ್ಲ. ಬೆರಳು ನೇರವಾಗಿ ಬಲಗಡೆಯ ಕೊಂಬೆಗೆ ಹೋಯಿತು. "ಇದೇ ನಮ್ಮ ತಾತನ ತಾತ." ಆಮೇಲೆ ನಿಧಾನವಾಗಿ ವಿಷಯಕ್ಕೆ ಬಂದರು. ಊರ ದೇವಸ್ಥಾನದಲ್ಲಿ ಮೊದಲ ಪೂಜೆ ಯಾರ ಮನೆಗೆ ಸೇರಬೇಕು ಎಂದು ಎರಡು ಮನೆಗಳ ನಡುವೆ ಜಗಳ. ಹಳೆಯ ದೊರೆಗಳ ವಂಶ ತಮ್ಮದು ಎಂದು ಎರಡು ಮನೆಯವರೂ ಹೇಳುತ್ತಾರೆ. ದೇವಸ್ಥಾನದ ಪಕ್ಕದ ಜಾಗವೂ ಆ ಜಗಳದಲ್ಲಿ ಸೇರಿದೆ.

"ನಾವೇ ತಂದು ತೋರಿಸಿದ್ರೆ ಯಾರೂ ನಂಬಲ್ಲ ಮೇಡಂ. ನೀವು ಓದಿದೋರು, ನಾಲ್ಕು ಜನಕ್ಕೆ ಗೊತ್ತಿರೋರು. ಇದು ನಿಮ್ಮ ಬೀರುನಲ್ಲಿ ಇತ್ತು, ಅಸಲಿ ಅಂತ ಎರಡು ಸಾಲು ಬರೆದುಕೊಟ್ರೆ ಸಾಕು."

ಕಡಿಮೆ ಬೆಲೆ, ಮೊಹರು, "ನಿಮ್ಮ ಹತ್ರ ಇದ್ರೆ ಗೌರವ" ಎಂಬ ಮಾತು, ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಪುಸ್ತಕವನ್ನು ನನಗೆ ಮಾರಿರಲಿಲ್ಲ, ನನ್ನ ಮನೆಯಲ್ಲಿ ಇಟ್ಟು ಹೋಗಿದ್ದರು.

ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. "ಸಾರ್, ಈ ಮರ ಅರಳಿ. ನಿಮ್ಮ ಕೊಂಬೆಯಲ್ಲಿ ಮಾತ್ರ ವೀಳ್ಯದೆಲೆ ಬಿಟ್ಟಿದೆ, ನೋಡಿ."

ಅವರು ಬಹಳ ಹೊತ್ತು ನೋಡಿದರು. ಸಿಟ್ಟು ಬರಬಹುದೆಂದು ಹೆದರಿದ್ದೆ. ಬರಲಿಲ್ಲ. ಕನ್ನಡಿ ಕೆಳಗಿಟ್ಟು ನಕ್ಕರು. "ಎಲೆ ಯಾರು ನೋಡ್ತಾರೆ ಮೇಡಂ? ಹೆಸರು ನೋಡ್ತಾರೆ."

"ನಾನು ಬರೆದುಕೊಡಲ್ಲ."

"ಹಾಗಾದ್ರೆ ಪುಸ್ತಕ ನಮಗೇ ಕೊಟ್ಟುಬಿಡಿ. ನೀವು ಕೇಳಿದಷ್ಟು."

ಅದಕ್ಕೂ ಒಪ್ಪಲಿಲ್ಲ. ಅವರು ಎದ್ದು, ಮನಸ್ಸು ಬದಲಾದರೆ ಇರಲಿ ಎಂದು ಫೋನ್ ನಂಬರ್ ಕೊಟ್ಟು, ಮೈಸೂರುಪಾಕನ್ನು ಅಲ್ಲೇ ಬಿಟ್ಟು, ಕೈಮುಗಿದು ಹೋದರು. ಆ ನಯವೇ ನನ್ನನ್ನು ಹೆಚ್ಚು ಹೆದರಿಸಿತು. ಮುಂದಿನ ಕೆಲವು ದಿನ ಗೇಟಿನ ಎದುರು ಗಾಡಿ ನಿಂತರೆ ಕಿಟಕಿಗೆ ಹೋಗಿ ನೋಡುತ್ತಿದ್ದೆ. ನಾಗರಬಾವಿಯಿಂದ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿ, ಸಂಶೋಧನೆಗೆ ನಿಮ್ಮ ಪುಸ್ತಕ ನೋಡಬೇಕಿತ್ತು ಆಂಟಿ ಎಂದಾಗ, ಪಾಪ, ಯಾವ ಪುಸ್ತಕ, ಯಾರು ಹೇಳಿದರು, ನಿಮ್ಮ ಊರು ಯಾವುದು ಎಂದು ಕೇಳಿ ಕೇಳಿ ಅವಳೇ ಫೋನ್ ಇಡುವಂತೆ ಮಾಡಿದೆ.

ಕೊನೆಗೆ ನಾಯಂಡಹಳ್ಳಿಗೆ ಹೋದೆ. ವ್ಯಾಪಾರಿ ನನ್ನನ್ನು ಕಂಡು ಸ್ಟೂಲು ಒರೆಸಿದರು. ನಡೆದದ್ದನ್ನೆಲ್ಲ ಹೇಳಿದೆ.

"ಅಯ್ಯೋ, ನಂಗೇನೂ ಗೊತ್ತಿಲ್ಲ ಮೇಡಂ. ಯಾರೋ ಹಳೇ ಸಾಮಾನಿನ ಜೊತೆ ತಂದು ಹಾಕಿದ್ರು. ಆ ಊರೋರು ಯಾರೂ ನಂಗೆ ಪರಿಚಯ ಇಲ್ಲ."

"ಮೊಹರು ಹಾಕಿ ಅಂದ್ರಲ್ಲ?"

"ಸುಮ್ನೆ ಬಾಯಿಗೆ ಬಂತು ಅಂದೆ."

ಅವರ ಮುಖ ನೋಡಿದೆ. ಇಷ್ಟು ವರ್ಷ ಕಂಡ ಮುಖವೇ. ನಂಬಬೇಕೆಂದು ಮನಸ್ಸಿತ್ತು, ಆಗಲಿಲ್ಲ.

ಮನೆಗೆ ಬಂದು ಮಾಡಬೇಕಾದ್ದನ್ನು ಮಾಡಿದೆ. ಒಂದು ಚೀಟಿಯಲ್ಲಿ ಬಲಗಡೆಯ ಕೊಂಬೆ ಈಚೆಗೆ ಸೇರಿಸಿದ್ದು, ಎಲೆ ಬೇರೆ ಜಾತಿಯದು, ಹಿಂಬದಿಯಲ್ಲಿ ಗುರುತಿಲ್ಲ ಎಂದು ಬರೆದು, ಮೈದಾ ಅಂಟಿನಿಂದ ಹಾಳೆಯ ಹಿಂದೆ ಅಂಟಿಸಿದೆ. ಅದರ ಪಕ್ಕದಲ್ಲೇ ನನ್ನ ಮೊಹರು ಒತ್ತಿದೆ. ಎರಡೂ ಬದಿಯ ಫೋಟೋ ತೆಗೆದು, ನಮ್ಮಂತೆ ಪುಸ್ತಕ ಕೂಡಿಡುವವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಿಳಿ ಅಂಗಿಯವರಿಗೂ ನಾನೇ ಕಳಿಸಿದೆ. ಅವರಿಂದ ಉತ್ತರ ಬರಲಿಲ್ಲ. ಮನುಷ್ಯ ಮತ್ತೆ ಬರಲೂ ಇಲ್ಲ.

ಮಳೆಗಾಲ ಮುಗಿದ ಮೇಲೆ ನಾಯಂಡಹಳ್ಳಿಗೆ ಮತ್ತೆ ಹೋಗಿದ್ದೆ. ಬೇರೆ ಯಾವುದೋ ಪುಸ್ತಕದ ಮಾತಿನ ನಡುವೆ ವ್ಯಾಪಾರಿ ತಾವಾಗಿಯೇ ಹೇಳಿದರು, "ಆ ಮೊದಲ ಪೂಜೆ ಗಲಾಟೆ ಮುಗೀತು ಮೇಡಂ. ಒಂದು ವರ್ಷ ಅವರ ಮನೆ, ಒಂದು ವರ್ಷ ಇವರ ಮನೆ ಅಂತ ರಾಜಿ ಮಾಡ್ಕೊಂಡ್ರು. ಜಾಗ ದೇವಸ್ಥಾನಕ್ಕೇ ಬಿಟ್ರು."

"ಆ ಊರೋರು ಯಾರೂ ಪರಿಚಯ ಇಲ್ಲ ಅಂದಿದ್ರಿ."

ಅವರು ಕೈಯಲ್ಲಿದ್ದ ಪುಸ್ತಕದ ಧೂಳು ಹೊಡೆಯುವುದನ್ನು ನಿಲ್ಲಿಸಿದರು. ಹೊರಗೆ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಪುಸ್ತಕವನ್ನು ಕೆಳಗಿಟ್ಟು ಅಂದರು, "ನಿಮ್ಮ ಮನೆಗೆ ಬಂದಿದ್ರಲ್ಲ, ಅವರ ಬಿಲ್ಡಿಂಗ್ ಮೇಡಂ ಇದು. ಗೋಡೌನು ಅವರದೇ. ಇಲ್ಲ ಅನ್ನಕ್ಕಾಗಲಿಲ್ಲ."

ಸಿಟ್ಟು ಬಂದಿತ್ತು ನಿಜ. ಅದರ ಜೊತೆಗೆ ಒಂದು ರೀತಿಯ ನಿರಾಳವೂ ಆಯಿತು, ಕೊನೆಗೂ ಒಂದು ನಿಜದ ಮಾತು ಕೇಳಿದೆನಲ್ಲ ಎಂದು. ಅವರು ಟೀ ತರಿಸಿದರು. ಕುಡಿದೆ.

ಈಗಲೂ ಅಲ್ಲಿಗೆ ಹೋಗುತ್ತೇನೆ, ಬೇರೆ ಕಡೆ ಇಂಥ ಪುಸ್ತಕ ಸಿಗುವುದಿಲ್ಲ. ಆದರೆ ಪ್ರತಿ ಹಾಳೆಯನ್ನೂ ಅವರ ಎದುರಿಗೇ ಬೆಳಕಿಗೆ ಹಿಡಿದು, ಮಗುಚಿ ನೋಡದೆ ತರುವುದಿಲ್ಲ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಒಳಗೆ ಬರುತ್ತಿದ್ದಂತೆ ಕಿಟಕಿಯ ಹತ್ತಿರದ ರಟ್ಟಿನ ಪೆಟ್ಟಿಗೆಗಳನ್ನು ತಾವೇ ಸರಿಸಿ, ಅಲ್ಲಿ ಜಾಗ ಮಾಡಿಕೊಡುತ್ತಾರೆ. ಅದು ಪಶ್ಚಾತ್ತಾಪವೋ, ಗಿರಾಕಿಯನ್ನು ಉಳಿಸಿಕೊಳ್ಳುವ ಉಪಾಯವೋ ನಾನು ಕೇಳಿಲ್ಲ. ಹಾಳೆ ಮಗುಚುವಾಗ ಅವರೂ ಬಗ್ಗಿ, ನನ್ನಷ್ಟೇ ಆತಂಕದಿಂದ ನೋಡುತ್ತಾರೆ.